ಏಳನೇ ನಂಬರಿನ ಬಾಣ

ಗುರುವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಮಲವಗೊಪ್ಪದ ಆಚೆ, ನೀಲಗಿರಿ ತೋಪಿನ ಪಕ್ಕದ ರಸ್ತೆಯಲ್ಲಿ ಹಾಲಿನ ವ್ಯಾನು ಗಕ್ಕನೆ ನಿಂತಿತು. ರಸ್ತೆಯಂಚಿನಲ್ಲಿ ತೋಪಿನ ಕಾವಲುಗಾರ ಚೌಡಪ್ಪ ಕೂತಿದ್ದ. ತಲೆಗೆ ಸುತ್ತಿಕೊಳ್ಳುವ ಟವೆಲ್ಲನ್ನು ಬಿಚ್ಚಿ ಬಲತೊಡೆಗೆ ಬಿಗಿದುಕೊಂಡಿದ್ದ. ಟವೆಲ್ಲಿನ ಕೆಳಗೆ ಒಂದು ಬಾಣ ನೆಟ್ಟಿತ್ತು.

ನಾಟಕದ ಬಾಣವಲ್ಲ. ಕಪ್ಪು ಕಾರ್ಬನ್ ಕಡ್ಡಿ, ಮುಂದೆ ಮೂರು ಅಲಗಿನ ಉಕ್ಕಿನ ಮೊನೆ, ಹಿಂದೆ ಎರಡು ನೇರಳೆ ಗರಿ, ಒಂದು ಹಳದಿ ಗರಿ. ವ್ಯಾನಿನ ಡ್ರೈವರ್ ಅದನ್ನು ಮುಟ್ಟಲು ಹೋಗಲಿಲ್ಲ. ಪುಣ್ಯಾತ್ಮ. ಚೌಡಪ್ಪನನ್ನು ಹಾಗೇ ಎತ್ತಿ ಮಲಗಿಸಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ತಂದ.

ಹನ್ನೊಂದು ಗಂಟೆಗೆ ಆ ಬಾಣ ಪ್ಲಾಸ್ಟಿಕ್ ಕವರಿನೊಳಗೆ ನನ್ನ ಅಂಗಡಿಯ ಕೌಂಟರಿನ ಮೇಲಿತ್ತು.

ನಾನು ರುಬೀನಾ. ವಿನೋಬನಗರದಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ಬ್ಯಾಟು, ಕೇರಂ ಬೋರ್ಡು, ಶಟಲ್ ಕಾಕು ಯಾವ ಅಂಗಡಿಯಲ್ಲೂ ಸಿಗುತ್ತವೆ. ಸ್ಪರ್ಧೆಯ ಬಿಲ್ಲು, ಬಾಣ ಬೇಕೆಂದರೆ ನನ್ನ ಹತ್ತಿರವೇ ಬರಬೇಕು. ನನ್ನ ಬಾಯಿ ಸ್ವಲ್ಪ ಜೋರು ಅಂತ ಊರು ಹೇಳುತ್ತದೆ. ಹೇಳಲಿ, ವ್ಯಾಪಾರಕ್ಕೇನೂ ಕಡಿಮೆಯಾಗಿಲ್ಲ.

"ಇದು ನಿಮ್ಮ ಅಂಗಡೀದಾ ಮೇಡಂ?" ಕೇಳಿದವರು ಸಬ್ ಇನ್ಸ್‌ಪೆಕ್ಟರ್ ಕಾಂತರಾಜ್. ಮೂವತ್ತೈದರ ಮನುಷ್ಯ. ಕೂತು ಮಾತಾಡುವ ಅಭ್ಯಾಸವೇ ಇಲ್ಲ.

"ಕಡ್ಡಿ, ಗರಿ ನಂದು. ಮೊನೆ ನಂದಲ್ಲ. ಬೇಟೆ ಮೊನೆ ನಾನು ಮಾರಲ್ಲ."

"ಕಡ್ಡಿ ಯಾರಿಗೆ ಮಾರಿದ್ರಿ?"

ಕಡ್ಡಿಯ ಮೇಲೆ ಬೆಳ್ಳಿ ಬಣ್ಣದ ಪೆನ್ನಿನಲ್ಲಿ 'ಎಂ 7' ಎಂದು ಬರೆದಿತ್ತು. ಸ್ಪರ್ಧೆಗೆ ಹೋಗುವವರು ತಮ್ಮ ಪ್ರತಿ ಬಾಣಕ್ಕೂ ಗುರುತು, ನಂಬರು ಹಾಕಿಕೊಳ್ಳಲೇಬೇಕು. ಆ ಅಕ್ಷರ ನನಗೆ ಗೊತ್ತು.

"ಭದ್ರಾವತಿ ಮಾಹಿರಾಗೆ."

"ಕ್ಲಬ್ಬಿನ ಶಿವರಾಮ್ ಅವರೂ ಅದನ್ನೇ ಹೇಳಿದ್ರು."

ಶಿವರಾಮ ನಮ್ಮ ಬಿಲ್ಲುಗಾರಿಕೆ ಕ್ಲಬ್ಬಿನ ಅಧ್ಯಕ್ಷ. ಮಲವಗೊಪ್ಪದಲ್ಲಿ ಅಕ್ಕಿ ಗಿರಣಿ ಇದೆ. ಗಿರಣಿಯ ಹಿಂದಿನ ಬಯಲನ್ನು ಮಕ್ಕಳ ಅಭ್ಯಾಸಕ್ಕೆ ಬಿಟ್ಟುಕೊಟ್ಟಿದ್ದಾರೆ. ಬಿಲ್ಲು ಹಿಡಿದವರಲ್ಲ, ಹಾರ ಹಾಕಿಸಿಕೊಳ್ಳುವವರು.

ಮಾಹಿರಾ ಇಪ್ಪತ್ತರ ಹುಡುಗಿ. ಅವಳಪ್ಪ ಮುಸ್ತಕೀಮ್ ಭದ್ರಾವತಿಯಲ್ಲಿ ಲಾರಿ ಮೆಕ್ಯಾನಿಕ್. ಭಾನುವಾರ ರಾಜ್ಯ ತಂಡದ ಆಯ್ಕೆ ಇತ್ತು. ಜೂನಿಯರ್ ವಿಭಾಗದಲ್ಲಿ ಅವಳಿಗೆ ಇದೇ ಕೊನೆಯ ವರ್ಷ. ಈಗ ಅವಳ ಬಿಲ್ಲು, ಹನ್ನೊಂದು ಬಾಣ ಎಲ್ಲವೂ ಪೊಲೀಸರ ಕೈಯಲ್ಲಿ.

"ಕಾರಣ?" ಎಂದೆ.

"ಹೋದ ತಿಂಗಳು ತೋಪಿನ ಹತ್ರ ಬಾಣ ಬಿಡ್ತಿದ್ಲು ಅಂತ ಚೌಡಪ್ಪ ಎಲ್ಲರೆದುರು ಬೈದು ಅಟ್ಟಿದ್ದ. ಇವತ್ತು ಆರು ಗಂಟೇಲಿ ಒಬ್ಳೇ ಓಡೋಕೆ ಹೋಗಿದ್ಲಂತೆ. ನೋಡಿದೋರು ಯಾರೂ ಇಲ್ಲ."

"ಏಳನೇ ಬಾಣ ಕಳೆದು ಹದಿನೈದು ದಿನ ಆಯ್ತು ಸಾರ್. ಇನ್ನೊಂದು ಕಡ್ಡಿ ಬೇಕು ಅಂತ ನಂಗೇ ಫೋನ್ ಮಾಡಿದ್ಲು."

"ಕಳೆದಿದೆ ಅಂತ ಹೇಳೋದು ಸುಲಭ ಮೇಡಂ."

ಆತುರಗಾರನಿಗೆ ಬುದ್ಧಿ ಮಟ್ಟ. ಹಾಗಂತ ಪೊಲೀಸರ ಮುಖಕ್ಕೆ ಹೇಳಲಾಗುತ್ತದೆಯೇ? ಕವರಿನ ಮೇಲಿಂದಲೇ ಬಾಣವನ್ನು ಬೆಳಕಿಗೆ ಹಿಡಿದು ನೋಡಿದೆ. ಮುಂದೆ ಮೊನೆಯಿಂದ ಮೂರು ಬೆರಳಷ್ಟು ರಕ್ತ ಒಣಗಿತ್ತು. ಆಮೇಲೆ ಕಡ್ಡಿ ಸ್ವಚ್ಛ. ಮತ್ತೆ ಹಿಂದೆ, ಹಳದಿ ಗರಿಯ ಅಂಚಿನ ಮೇಲೆ ರಕ್ತದ ಗೀರು. ಗರಿಯ ಬುಡ ಸ್ವಲ್ಪ ಕಿತ್ತಿತ್ತು.

"ಬಾಣ ಎಷ್ಟು ಆಳ ಹೋಗಿತ್ತು ಸಾರ್?"

"ಮೂರು ಬೆರಳು ಅಂದ್ರು ಡಾಕ್ಟ್ರು."

"ಮತ್ತೆ ಗರಿ ಮೇಲೆ ರಕ್ತ ಎಲ್ಲಿಂದ ಬಂತು?"

ಕಾಂತರಾಜ್ ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತರು.

"ಅವನೇ ಹಿಡ್ಕೊಂಡಿರ್ತಾನೆ" ಎಂದರು, ಅರೆಮನಸ್ಸಿನಿಂದ.

"ಕೇಳಿ ಬರೋಣ ನಡೀರಿ." ಅಂಗಡಿಯ ಶಟರ್ ಎಳೆದೆ.

* * *

ಚೌಡಪ್ಪನಿಗೆ ಎಚ್ಚರವಿತ್ತು. ಅವನ ಹೆಂಡತಿ ಕರಿಬಸಮ್ಮ ಕಾಲ ಬಳಿ ಕೂತು ಗಂಜಿ ಆರಿಸುತ್ತಿದ್ದಳು. ಪೊಲೀಸರನ್ನು ಕಂಡು ಏಳಲಿಲ್ಲ.

"ಬಾಣ ಕೈಯಲ್ಲಿ ಹಿಡ್ಕೊಂಡ್ಯಾ?" ಕಾಂತರಾಜ್ ಕೇಳಿದರು.

"ಇಲ್ಲ ಸ್ವಾಮಿ. ಹಾವಿನ ಥರ ಅಲ್ಲಾಡ್ತಿತ್ತು, ಮುಟ್ಟಕ್ಕೆ ಧೈರ್ಯ ಬರ್ಲಿಲ್ಲ. ಟವೆಲ್ ಕಟ್ಟಿ ತೆವಳ್ಕೊಂಡು ರಸ್ತೆಗೆ ಬಂದೆ."

"ಯಾರನ್ನಾದ್ರೂ ನೋಡಿದ್ಯಾ?"

"ಮಂಜು ಸ್ವಾಮಿ. ಒಂದು ಜಿಂಕೆ ಓಡಿದ್ದು ಕಾಣ್ತು, ಅಷ್ಟೇ. ನಾನು ಪಕ್ಕದಲ್ಲಿ ಪೊದೆ ಹಿಂದೆ ಬೀಡಿ ಸೇದ್ತಿದ್ದೆ. ಟಪ್ ಅಂತು. ನಂಗೆ ನೋವು ಗೊತ್ತಾಗೋಕೆ ಮೊದ್ಲೇ ಅಲ್ಲೊಬ್ಬ ‘ಅಯ್ಯಮ್ಮಾ’ ಅಂತ ಕೂಗ್ದ."

"ಅಲ್ಲೊಬ್ಬ?" ನಾನು ಮುಂದೆ ಬಾಗಿದೆ. "ಗಂಡಸಾ ಚೌಡಪ್ಪ?"

"ಗಂಡಸಿನ ದನೀನೇ ಅಮ್ಮಾ. ನಾನೇ ಕೂಗಿದ್ನೇನೋ ಅನ್ಕೊಂಡೆ. ಆಮೇಲೆ ನಾನು ಕೂಗಿದ್ದು ಬೇರೆ."

"ಆ ಹುಡುಗಿ ಮೇಲೆ ಅನುಮಾನ ಇದ್ಯಾ?" ಇದು ಕಾಂತರಾಜ್.

ಉತ್ತರ ಬಂದದ್ದು ಕರಿಬಸಮ್ಮನಿಂದ. "ಇವ್ನು ಬೈದ ಮಾರನೇ ದಿನ ಆ ಹುಡುಗಿ ಬಾಳೆಹಣ್ಣು ತಂದು ತಪ್ಪಾಯ್ತು ಅಂತ ಹೇಳಿ ಹೋಯ್ತು ಸ್ವಾಮಿ. ನಮ್ಮ ಮಕ್ಳು ಯಾರೂ ಹಂಗೆ ಹೇಳಿಲ್ಲ."

ಹೊರಗೆ ಬಂದ ಕೂಡಲೇ ಕಾಂತರಾಜ್‌ರನ್ನು ತಡೆದು ನಿಲ್ಲಿಸಿದೆ. "ಸಾರ್, ಗರಿ ಮೇಲಿರೋದು ಬಾಣ ಬಿಟ್ಟವನ ರಕ್ತ. ಅವನ ಕೈಗೆ ಗಾಯ ಆಗಿದೆ. ಬಿಲ್ಲು ಹಿಡಿದ ಕೈಗೆ."

"ಬಾಣ ಬಿಟ್ಟೋನಿಗೇ ಗಾಯ ಹೆಂಗೆ ಆಗುತ್ತೆ?"

"ಅಳತೆ ತಪ್ಪಿದ್ರೆ ಆಗುತ್ತೆ."

* * *

ಠಾಣೆಯಲ್ಲಿ ಮಾಹಿರಾ ಬೆಂಚಿನ ತುದಿಯಲ್ಲಿ ಕೂತಿದ್ದಳು. ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಒಂದು ಗೀರೂ ಇರಲಿಲ್ಲ. ಕಾಂತರಾಜ್ ಬಗ್ಗಿ ನೋಡಿದರು.

ಅಷ್ಟರಲ್ಲಿ ಮುಸ್ತಕೀಮ್ ಎದ್ದು ಬಂದ. ಗ್ರೀಸ್ ಮೆತ್ತಿದ ಅಂಗಿಯಲ್ಲೇ ಭದ್ರಾವತಿಯಿಂದ ಬಸ್ ಹತ್ತಿದ್ದ.

"ಸಾರ್, ನಾನೇ ಹೊಡೆದೆ ಅಂತ ಬರ್ಕೊಳಿ. ಮಗಳನ್ನ ಬಿಟ್ಬಿಡಿ. ಭಾನುವಾರ ಅವ್ಳು ಹೋಗ್ಲಿ."

"ಸುಮ್ನೆ ಕೂತ್ಕೊ ಮುಸ್ತಕೀಮ್" ಎಂದು ಗದರಿದೆ. "ಬಿಲ್ಲಿನ ಹಗ್ಗ ಯಾವ ಕಡೆ ಅಂತಾನೇ ಗೊತ್ತಿಲ್ಲ ನಿಂಗೆ."

"ಆಪಾ, ಏಳು ವರ್ಷ ಅವ್ಳು ಒಂದು ಹಬ್ಬಕ್ಕೂ ಹೊಸ ಬಟ್ಟೆ ಕೇಳ್ಲಿಲ್ಲ. ಬಾಣ ಕೊಡ್ಸು ಅಂದ್ಲು, ಅಷ್ಟೇ."  ನಾನು ಅವನ ಭುಜ ಹಿಡಿದು ಕೂರಿಸಿದೆ.

ಶಿವರಾಮ ಆಗಲೇ ಬಂದು ಕೂತಿದ್ದರು. ಆರಡಿ ಎತ್ತರ, ಬಿಳಿ ಅಂಗಿ, ಎಡಗೈಗೆ ಬಿಳಿ ಬಟ್ಟೆಯ ಪಟ್ಟಿ.

"ನಾನು ಲಾಯರ್ ಕೊಡಿಸ್ತೀನಿ ರುಬೀನಾ ಅವ್ರೇ. ಹುಡುಗಿ ಕೈ ತಪ್ಪಿ ಆಯ್ತು ಅಂತ ಒಪ್ಕೊಂಡ್ರೆ ಕೇಸು ಹಗುರ ಆಗುತ್ತೆ. ಚೌಡಪ್ಪನ ಖರ್ಚು ನಂದು."

"ಕೈಗೆ ಏನಾಯ್ತು ಶಿವರಾಮಣ್ಣ?"

"ಅಡಿಕೆ ಸುಲಿಯೋ ಕಡೆ ಕೂತಿದ್ದೆ ಮಾರಾಯ್ತಿ. ಮೆಟ್ಟುಗತ್ತಿ ತಗುಲ್ತು."

ನಾನು ತಲೆಯಾಡಿಸಿದೆ. ನವೆಂಬರ್ ತಿಂಗಳು. ಕೊಯ್ಲಿನ ಕಾಲದಲ್ಲಿ ಈ ಜಿಲ್ಲೆಯ ಅರ್ಧ ಕೈಗಳಿಗೆ ಪಟ್ಟಿ ಇರುತ್ತದೆ. ನನ್ನ ತಲೆಯಲ್ಲಿ ಆಗ ಬೇರೊಬ್ಬ ಓಡಾಡುತ್ತಿದ್ದ.

ಎರಡು ತಿಂಗಳ ಹಿಂದೆ ವಸಂತ್ ಎನ್ನುವವನು ಅಂಗಡಿಗೆ ಬಂದು, ಗದ್ದೆಗೆ ಹಂದಿ ಕಾಟ, ಹೊಡೆಯೋ ಬಿಲ್ಲು ಬೇಕು ಎಂದಿದ್ದ. ಬೇಟೆಯಾಡಿದರೆ ಜೈಲು ಗೊತ್ತಾ ಎಂದು ಬೈದು ಕಳಿಸಿದ್ದೆ. ಫೋನ್ ನಂಬರು ಮಾತ್ರ ಬಿಟ್ಟು ಹೋಗಿದ್ದ. ಅದನ್ನು ಕಾಂತರಾಜ್ ಕೈಗೆ ಕೊಟ್ಟೆ.

* * *

ಶುಕ್ರವಾರ ಬೆಳಿಗ್ಗೆ, ಆ ನಂಬರಿನ ಜಾಡು ಹಿಡಿದು, ನಾವಿದ್ದ ಜೀಪು ಭದ್ರಾವತಿ ದಾಟಿ ಒಂದು ಅಡಿಕೆ ಸುಲಿಯುವ ಶೆಡ್ಡಿನ ಮುಂದೆ ನಿಂತಿತು. ಒಳಗೆ ನಲವತ್ತು ಜನ ಸಾಲಾಗಿ ಕೂತಿದ್ದರು. ಎಲ್ಲರ ಮುಂದೆ ಮೆಟ್ಟುಗತ್ತಿ: ಕಾಲಲ್ಲಿ ಮೆಟ್ಟಿ ಹಿಡಿದ ಮಣೆ, ಅದರ ಮೇಲೆ ನೆಟ್ಟಗೆ ನಿಂತ ಕತ್ತಿ. ಕಾಯಿ ಒತ್ತಿದರೆ ಸಿಪ್ಪೆ ಬೇರೆ, ಅಡಿಕೆ ಬೇರೆ. ಮೂರನೇ ಸಾಲಿನಲ್ಲಿ ವಸಂತ್ ಇದ್ದ.

ಅವನ ಎಡಗೈಗೆ ಪಟ್ಟಿ.

"ಸಿಕ್ಕಿಬಿದ್ದ" ಎಂದರು ಕಾಂತರಾಜ್. ಎರಡೇ ಹೆಜ್ಜೆಗೆ ಅವನ ಮುಂದಿದ್ದರು. "ಬಿಚ್ಚೋ ಪಟ್ಟೀನ."

ವಸಂತ್ ಬಿಚ್ಚಿದ. ಹೆಬ್ಬೆರಳಿನ ತುದಿಯಲ್ಲಿ ಸಣ್ಣ ಸೀಳು.

"ಬಿಲ್ಲೆಲ್ಲಿ?"

"ತಗೊಂಡೇ ಇಲ್ಲ ಸಾರ್. ಈ ಅಂಗಡಿ ಅಮ್ಮನ ಬೈಗುಳ ಕೇಳಿ ಆಸೆನೇ ಬಿಟ್ಟೆ. ಹಂದಿಗೆ ಬೇಲಿ ಹಾಕ್ಸಿದೆ. ನಿನ್ನೆ ಬೆಳಿಗ್ಗೆ ಐದೂವರೆಯಿಂದ ಇಲ್ಲೇ ಇದ್ದೆ, ಕೇಳಿ ಬೇಕಾದ್ರೆ."

ಪಕ್ಕದಲ್ಲಿ ಕೂತಿದ್ದ ಧನಲಕ್ಷ್ಮಿ ಎಂಬ ಹಿರಿಯ ಹೆಂಗಸು ಕೈ ನಿಲ್ಲಿಸದೆ ಹೇಳಿದಳು: "ಹೌದು ಸಾರ್, ಇಲ್ಲೇ ಇದ್ದ. ಗಾಯ ಆದೋರನ್ನೆಲ್ಲ ಕರ್ಕೊಂಡು ಹೋಗೋದಾದ್ರೆ ಜೀಪು ಸಾಲಲ್ಲ, ಬಸ್ಸು ತನ್ನಿ."

ಶೆಡ್ಡು ತುಂಬ ನಗು. ಹೆಂಗಸರೆಲ್ಲ ಕೈ ಮುಂದೆ ಚಾಚಿದರು. ಹೆಬ್ಬೆರಳು, ತೋರುಬೆರಳು, ಎಲ್ಲ ಗಾಯವೂ ಬೆರಳ ತುದಿಯಲ್ಲೇ. ಮತ್ತೆ ಪ್ರತಿ ಬೆರಳೂ ಕಪ್ಪು. ಸುಟ್ಟ ಬಾಣಲೆಯ ತಳದ ಹಾಗೆ ಕಪ್ಪು.

"ಇದೇನು?" ಎಂದರು ಕಾಂತರಾಜ್. ಬೆಂಗಳೂರು ಕಡೆಯ ಮನುಷ್ಯ, ಪಾಪ.

"ಅಡಿಕೆ ಕರೆ ಸಾರ್. ಹಸಿ ಕಾಯಿ ಹತ್ತು ಸುಲಿದ್ರೂ ಹತ್ಕೊಳ್ಳುತ್ತೆ. ಸೋಪು ಹಾಕಿ, ಸೀಮೆಎಣ್ಣೆ ಹಾಕಿ, ವಾರಗಟ್ಲೆ ಹೋಗಲ್ಲ. ಮದುವೆ ಮನೇಲಿ ಊಟಕ್ಕೆ ಕೂತ್ರೂ ಇವ್ಳು ಸುಲಿಯೋಕೆ ಹೋಗೋಳು ಅಂತ ಗೊತ್ತಾಗ್ಬಿಡುತ್ತೆ."

 ನಿನ್ನೆ ಠಾಣೆಯಲ್ಲಿ ಕಂಡ ಎಡಗೈ ನೆನಪಾಯಿತು. ಬಿಳಿ ಪಟ್ಟಿ ಸುತ್ತಿದ್ದದ್ದು ಅಂಗೈಗೆ. ಹೊರಗಿದ್ದ ಐದೂ ಬೆರಳು ತೊಳೆದ ಅಕ್ಕಿಯಷ್ಟು ಬೆಳ್ಳಗಿದ್ದವು.

"ಸಾರ್" ಎಂದೆ.  "ಜೀಪು ತಿರುಗ್ಸಿ. ಮಲವಗೊಪ್ಪಕ್ಕೆ."

* * *

ದಾರಿಯುದ್ದಕ್ಕೂ ಕಾಂತರಾಜ್ ತಲೆ ಅಲ್ಲಾಡಿಸುತ್ತಿದ್ದರು. ಶಿವರಾಮ ದೊಡ್ಡ ಮನುಷ್ಯ. ಗರಿಯ ರಕ್ತದ ವರದಿ ಬರಲು ವಾರಗಳೇ ಬೇಕು. ಬರೀ ಬೆರಳು ಬೆಳ್ಳಗಿದೆ ಅಂತ ಹಿಡಿದರೆ ನಗುತ್ತಾರೆ.

"ಹಿಡೀಬೇಡಿ. ಐದು ನಿಮಿಷ ನಂಗೆ ಮಾತಾಡೋಕೆ ಬಿಡಿ" ಎಂದೆ. ಧನಲಕ್ಷ್ಮಿಯ ಮೆಟ್ಟುಗತ್ತಿ, ಒಂದು ಬುಟ್ಟಿ ಹಸಿ ಅಡಿಕೆ ನನ್ನ ಕಾಲ ಬಳಿ ಇದ್ದವು.

ಶಿವರಾಮ ಗಿರಣಿಯ ಆಫೀಸಿನಲ್ಲಿದ್ದರು. ಕಾಫಿ ತರಿಸಿದರು. ನಾನು ಕತ್ತಿಯನ್ನು ನೆಲದ ಮೇಲಿಟ್ಟೆ.

"ಶಿವರಾಮಣ್ಣ, ಒಂದು ಕಾಯಿ ಸುಲಿದು ತೋರಿಸ್ತೀರಾ? ಕೈಗೆ ಹೆಂಗೆ ತಗುಲ್ತು ಅಂತ ಸಾರ್‌ಗೆ ಅರ್ಥ ಆಗ್ತಿಲ್ಲ."

"ಏನು ತಮಾಷೆ ರುಬೀನಾ ಅವ್ರೇ? ಕೈ ನೋವಿದೆ."

"ಬರೀ ಕೂತು ತೋರಿಸಿ. ಸುಲೀಬೇಡಿ."

ಅವರು ಕುರ್ಚಿಯಿಂದ ಇಳಿದು ಕೂತರು. ಬಲಗೈಯಲ್ಲಿ ಒಂದು ಕಾಯಿ ತೆಗೆದುಕೊಂಡು ತೆಂಗಿನಕಾಯಿ ಒಡೆಯುವವರ ಹಾಗೆ ಕತ್ತಿಯ ಮೇಲೆ ಹಿಡಿದರು. ಮಣೆಗೆ ಕಾಲು ಕೊಡಲೇ ಇಲ್ಲ. ಕತ್ತಿ ಧಡಕ್ಕನೆ ಉರುಳಿತು. ಬಾಗಿಲಲ್ಲಿ ನಿಂತಿದ್ದ ಗಿರಣಿಯ ಆಳು ನಗು ತಡೆದುಕೊಂಡ.

"ಪಟ್ಟಿ ಬಿಚ್ಚಿ" ಎಂದರು ಕಾಂತರಾಜ್. ದನಿ ಬದಲಾಗಿತ್ತು.

ಗಾಯ ಹೆಬ್ಬೆರಳು, ತೋರುಬೆರಳಿನ ನಡುವಿನ ಮೆತ್ತನೆ ಜಾಗದಲ್ಲಿತ್ತು. ಆಳವಾದ ಒಂದೇ ನೇರ ಸೀಳು. ಮನೆಯಲ್ಲೇ ಕಟ್ಟಿಕೊಂಡಿದ್ದರಿಂದ ಕೆಂಪಗೆ ಊದಿತ್ತು.

"ಅಡಿಕೆ ಕತ್ತಿ ಅಲ್ಲಿಗೆ ಹೋಗಲ್ಲ ಅಣ್ಣಾ" ಎಂದೆ.

"ನಾನು ಬಿಲ್ಲು ಮುಟ್ಟಿದೋನೇ ಅಲ್ಲ" ಎಂದುಬಿಟ್ಟರು ಶಿವರಾಮ.

 ಬಿಲ್ಲಿನ ಮಾತು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ.

ಕಾಂತರಾಜ್ ಅಪ್ಪಣೆ ಕೊಟ್ಟರು. ಹತ್ತು ನಿಮಿಷದಲ್ಲಿ ಕಾನ್‌ಸ್ಟೇಬಲ್ ಅಟ್ಟದ ಮೇಲಿಂದ ಗೋಣಿಚೀಲಗಳ ಹಿಂದಿದ್ದ ಉದ್ದನೆ ಪೆಟ್ಟಿಗೆ ಇಳಿಸಿದ. ಒಳಗೆ ರಾಟೆ ಇರುವ ಭಾರಿ ಬೇಟೆ ಬಿಲ್ಲು. ಜೊತೆಗೆ ನಾಲ್ಕು ಬಾಣ, ನಾಲ್ಕಕ್ಕೂ ಮೂರು ಅಲಗಿನ ಮೊನೆ. ನಾಲ್ಕೂ ನಮ್ಮ ಕ್ಲಬ್ಬಿನ ಬೇರೆ ಬೇರೆ ಮಕ್ಕಳ ಬಾಣಗಳು. ಬಯಲಲ್ಲಿ ಕಳೆದು ಸಿಕ್ಕ ಬಾಣಗಳನ್ನು ಹಾಕಿಡಲು ಗಿರಣಿಯ ವರಾಂಡದಲ್ಲಿ ಒಂದು ಡಬ್ಬವಿತ್ತು. ಆರಿಸಿಕೊಂಡದ್ದು ಅಲ್ಲಿಂದ.

* * *

"ಈಗ ಬಿಡಿಸಿ ಹೇಳಿ ಮೇಡಂ" ಎಂದರು ಕಾಂತರಾಜ್. ಪುಸ್ತಕ ತೆಗೆದು ಬರೆಯಲು ಕೂತಿದ್ದರು.

ಹೇಳಿದೆ. 

ಮೊದಲ ಬಿಲ್ಲು ಕೊಳ್ಳಲು ಬಂದವರು ಬಣ್ಣ ನೋಡುತ್ತಾರೆ, ಬೆಲೆ ನೋಡುತ್ತಾರೆ. ನಾನು ಮೊದಲು ಅವರ ಮಾರು ಅಳೆಯುತ್ತೇನೆ. ಎರಡೂ ಕೈ ಚಾಚಿದಾಗ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಎಷ್ಟು ಇಂಚೋ, ಅದನ್ನು ಎರಡೂವರೆಯಿಂದ ಭಾಗಿಸಿದರೆ ಅವರು ಹಗ್ಗವನ್ನು ಎಷ್ಟು ಹಿಂದೆ ಎಳೆಯುತ್ತಾರೆ ಎಂಬ ಲೆಕ್ಕ ಸಿಗುತ್ತದೆ. ಬಾಣ ಅದಕ್ಕಿಂತ ಒಂದಿಂಚಾದರೂ ಉದ್ದ ಇರಬೇಕು. ಮಾಹಿರಾಳ ಮಾರು ಅರವತ್ನಾಲ್ಕು ಇಂಚು. ಅವಳ ಬಾಣ ಇಪ್ಪತ್ತೇಳು ಇಂಚಿಗೆ ಕತ್ತರಿಸಿದ್ದು.

ಶಿವರಾಮನ ಮಾರು ಅಲ್ಲೇ ಅಳೆದೆ. ಎಪ್ಪತ್ನಾಲ್ಕು. ಹಗ್ಗ ಮೂವತ್ತು ಇಂಚಿನ ಹತ್ತಿರ ಹಿಂದೆ ಬರುತ್ತದೆ. ಅಷ್ಟು ಎಳೆದರೆ ಮಾಹಿರಾಳ ಬಾಣ ಬಿಲ್ಲಿನ ಮೇಲೆ ತಾನು ಕೂರುವ ಆಸರೆಯಿಂದ ಜಾರಿ, ಅಲಗು ಬಿಲ್ಲು ಹಿಡಿದ ಮುಷ್ಟಿಯ ಮೇಲೇ ಕೂರುತ್ತದೆ. ಬಿಟ್ಟ ಕ್ಷಣ ಕೈ ಸೀಳುತ್ತದೆ. ಹಿಂದೆಯೇ ಬಂದ ಗರಿ ಆ ಸೀಳಿಗೆ ಉಜ್ಜಿ ರಕ್ತ ಹಚ್ಚಿಕೊಂಡು ಹೋಗುತ್ತದೆ. 'ಅಯ್ಯಮ್ಮಾ' ಎಂದದ್ದು ಆಗ. ಹುಡುಗಿಯ ಹಗುರ ಬಿಲ್ಲಿಗೆ ಆರಿಸಿದ ತೆಳು ಕಡ್ಡಿ ಬೇರೆ, ಮುಂದೆ ಭಾರದ ಮೊನೆ ಬೇರೆ. ಬಾಣ ಬಳುಕಿ ಅಡ್ಡ ಹೋಯಿತು. ಜಿಂಕೆ ಉಳಿಯಿತು. ಪಕ್ಕದ ಪೊದೆಯ ಹಿಂದಿದ್ದ ಚೌಡಪ್ಪನಿಗೆ ತಗುಲಿತು. ಅರ್ಧ ಜೋರು ಕೈ ಸೀಳುವುದರಲ್ಲೇ ಹೋಗಿದ್ದರಿಂದ ಮೂರು ಬೆರಳಷ್ಟೇ ಇಳಿಯಿತು. ಇಲ್ಲದಿದ್ದರೆ ಅವನು ಉಳಿಯುತ್ತಿರಲಿಲ್ಲ.

"ಬಿಲ್ಲಿಗೆ ಲಕ್ಷ ಸುರಿದ್ರಿ. ಬಾಣ ಆರಿಸೋಕೆ ನನ್ನ ಹತ್ರ ಬರೋ ಧೈರ್ಯ ಇರ್ಲಿಲ್ಲ. ಯಾಕೆ ಅಂತ ಕೇಳ್ತೀನಿ ಅಂತ ಗೊತ್ತಿತ್ತು" ಎಂದೆ.

ಶಿವರಾಮ ತಲೆ ಎತ್ತಲಿಲ್ಲ. "ಜಿಂಕೆಗೆ ಗುರಿ ಇಟ್ಟಿದ್ದೆ. ಮನುಷ್ಯ ಇದಾನೆ ಅಂತ ಗೊತ್ತಿರ್ಲಿಲ್ಲ. ಕೈ ನೋಡ್ಕೊಂಡು ಓಡ್ಬಿಟ್ಟೆ."

"ಮಾಹಿರಾ?"

"ಚಿಕ್ಕ ಹುಡುಗಿ. ಬೈದು ಬಿಟ್ಬಿಡ್ತಾರೆ ಅನ್ಕೊಂಡೆ."

ನನಗೆ ಬಂದ ಸಿಟ್ಟು ಹೇಳತೀರದು. ಅವಳ ಏಳು ವರ್ಷದ ಬೆಳಗುಗಳನ್ನು ಈ ಮನುಷ್ಯ ತನ್ನದೇ ಬಯಲಲ್ಲಿ ಕೂತು ನೋಡಿದ್ದ. ಬಾಯಿಗೆ ಬಂದದ್ದೆಲ್ಲ ಬೈದೆ. ಕಾಂತರಾಜ್ ತಡೆಯಲಿಲ್ಲ.

* * *

ಕಳ್ಳ ಸಿಕ್ಕರೂ ಮಾಹಿರಾಳ ಬಿಲ್ಲು ವಾಪಸ್ ಸಿಗಲಿಲ್ಲ. ವಶಪಡಿಸಿಕೊಂಡ ಮಾಲು, ಕೋರ್ಟಿನ ಆದೇಶ ಬೇಕು, ಅದು ಸೋಮವಾರದ ಮಾತು. ಕಾಂತರಾಜ್ ಕೈ ಚೆಲ್ಲಿದರು. ಮುಖ ನೋಡಿದರೆ ನಿಜವಾಗಿಯೂ ಬೇಜಾರಾಗಿತ್ತು.

ಶನಿವಾರ ಅಂಗಡಿಯ ಶಟರ್ ಎಳೆದು ಅಪ್ಪ, ಮಗಳು, ನಾನು ಒಳಗೆ ಕೂತೆವು. ಪ್ರದರ್ಶನಕ್ಕಿಟ್ಟಿದ್ದ ಬಿಲ್ಲನ್ನೇ ಇಳಿಸಿದೆ. ಅವಳದಕ್ಕಿಂತ ಎರಡು ಪೌಂಡು ಬಿಗಿ. ಅದಕ್ಕೆ ಹೊಂದುವ ಹನ್ನೆರಡು ಕಡ್ಡಿ ಹೆಕ್ಕಿ, ಒಂದೊಂದನ್ನೂ ಗಾಜಿನ ಮೇಲೆ ಉರುಳಿಸಿ, ಸೊಟ್ಟ ಇದ್ದ ಮೂರನ್ನು ಎಸೆದು, ಬೇರೆ ಮೂರು ಆರಿಸಿದೆ. ಮುಸ್ತಕೀಮ್ ಕತ್ತರಿಸಿದ, ಮಾಹಿರಾ ಗರಿ ಅಂಟಿಸಿದಳು. ಯಾರಿಗೂ ಊಟದ ನೆನಪಾಗಲಿಲ್ಲ.

"ಖಾಲಾ, ನಾನು ಬರಲ್ಲ" ಎಂದಳು ಮಾಹಿರಾ, ಸಂಜೆ ಹೊತ್ತಿಗೆ. "ಎಲ್ರೂ ಮನುಷ್ಯನಿಗೆ ಹೊಡೆದೋಳು ಅಂತಾನೇ ನೋಡ್ತಾರೆ."

"ನೋಡ್ಲಿ. ನೀನು ಗುರಿ ನೋಡು" ಎಂದೆ. ಹೇಳುವುದು ಸುಲಭ.

ಭಾನುವಾರ ಮೈದಾನದಲ್ಲಿ ಅವಳು ಹೇಳಿದ ಹಾಗೇ ಆಯಿತು. ಸುದ್ದಿ ಅರ್ಧ ಮಾತ್ರ ತಲುಪಿತ್ತು. ನಾವು ನಡೆದ ಕಡೆ ಮಾತು ನಿಲ್ಲುತ್ತಿತ್ತು. ಒಬ್ಬ ತಾಯಿ ತನ್ನ ಮಗಳನ್ನು ಮಾಹಿರಾಳ ಪಕ್ಕದಿಂದ ಎಳೆದು ದೂರ ನಿಲ್ಲಿಸಿದಳು. ಮಾಹಿರಾಳ ಮೊದಲ ಮೂರು ಬಾಣಗಳೂ ಗುರಿಯ ಹೊರ ಅಂಚಿನ ಬಿಳಿ ವೃತ್ತಕ್ಕೆ ಬಿದ್ದವು. ಕೆಲಸ ಕೆಟ್ಟಿತು ಅಂದುಕೊಂಡೆ.

ಆಗ ಗೇಟಿನಿಂದ ಕರಿಬಸಮ್ಮ ಬಂದಳು. ಕೈಯಲ್ಲಿ ಊಟದ ಡಬ್ಬಿ. ಎಲ್ಲರ ಮಧ್ಯೆ ನೇರ ನಡೆದು ಬಂದು ಮಾಹಿರಾಳ ಹಿಂದೆ ನಿಂತಳು. ಮೈದಾನಕ್ಕೆಲ್ಲ ಕೇಳುವ ಹಾಗೆ ಹೇಳಿದಳು.

"ಬಾಣ ಬಿದ್ದಿದ್ದು ನನ್ನ ಗಂಡಂಗೆ. ಅವ್ನೇ ಹೇಳಿ ಕಳ್ಸಿದಾನೆ. ನನ್ನ ಹೆಸರಲ್ಲಿ ಆ ಮಗು ಸೋಲೋದು ಬೇಡ, ಅಂತ."

ಮುಸ್ತಕೀಮ್ ಎದ್ದು ತನ್ನ ಕುರ್ಚಿ ಕೊಟ್ಟ. ಕರಿಬಸಮ್ಮ ಕೂತಳು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು.

ಮಾಹಿರಾ ನಾಲ್ಕನೇ ಬಾಣ ಏರಿಸಿದಳು. ನಟ್ಟನಡುವಿನ ಹಳದಿ. ಐದನೆಯದು, ಹಳದಿ. ಅಲ್ಲಿಂದ ಮುಂದೆ ನಾನು ಎಣಿಸಲಿಲ್ಲ. ಕೊನೆಗೆ ಆಯ್ಕೆಯಾದ ನಾಲ್ಕು ಜನರ ಪಟ್ಟಿ ಓದಿದರು. ಮೂರನೇ ಹೆಸರು ಅವಳದು. ಮುಸ್ತಕೀಮ್ ಎರಡೂ ಕೈ ಚಾಚಿ ನಿಂತ. ಹುಡುಗಿ ಅವನನ್ನು ದಾಟಿ ಹೋಗಿ ಕರಿಬಸಮ್ಮನ ಮಡಿಲಿಗೆ ತಲೆಯಿಟ್ಟು ಜೋರಾಗಿ ಅತ್ತಳು.

"ಏಳು ಮಗಾ" ಎಂದಳು ಕರಿಬಸಮ್ಮ, ಅವಳ ಬೆನ್ನು ಸವರುತ್ತಾ. "ಆಸ್ಪತ್ರೇಲಿ ಅವ್ನು ಊಟಕ್ಕೆ ಕಾಯ್ತಿದಾನೆ. ನಡಿ, ನೀನೇ ಹೇಳುವಂತೆ."

ಇಬ್ಬರೂ ಒಂದೇ ಆಟೋ ಹತ್ತಿ ಹೋದರು.